ಗೋಡೆಯ ಮೇಲಿನ ಗೋದಲಿ

ವಾಹನವನ್ನಿಡುವುದೆಂದರೆ ಅದಕ್ಕೆ ಮೇವಿನ ಏರ್ಪಾಡು ಮಾಡುವುದೆಂದೇ ನಮ್ಮ ಹಿರಿಯರ ತಿಳಿವಳಿಕೆ. ಜಟಕಾ ಇಟ್ಟವನ ಹಿತ್ತಲಿನಲ್ಲಿ ಹುರುಳಿಯ ಮೂಟೆಯೂ ಹುಲ್ಲಿನ ಹೊರೆಯೂ ಇರಲೇಬೇಕಾಗಿತ್ತು. ಎತ್ತಿನ ಗಾಡಿಯುಳ್ಳವನ ಕೊಟ್ಟಿಗೆಯಲ್ಲಿ ಗೋದಲಿ ತಪ್ಪುತ್ತಿರಲಿಲ್ಲ. ಪೆಟ್ರೋಲಿನ ಕಾರು ಬಂದು ಈ ಸಂಬಂಧವನ್ನು ಕಡಿದುಹಾಕಿತು. ಅದು ಮನೆಯಲ್ಲಿ ಮಲಗುತ್ತಿತ್ತು. ಊಟವನ್ನು ಮಾತ್ರ ಬೀದಿಯಲ್ಲಿ ಮುಗಿಸಿಕೊಂಡು ಬರುತ್ತಿತ್ತು. ಈಗ ವಿದ್ಯುತ್ ಕಾರು ಮತ್ತೆ ಮನೆಯೂಟಕ್ಕೆ ಕುಳಿತಿದೆ. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಸಂಜೆಯ ಹೊತ್ತು ನಡೆದು ಹೋದರೂ ಅಲ್ಲೊಂದು ಇಲ್ಲೊಂದು ಮನೆಯ ಗೋಡೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದು ಹಸುರು ಕಣ್ಣು ಮಿಟುಕಿಸುತ್ತಿರುವುದನ್ನೂ, ಅದರಿಂದ ಆನೆಯ ಸೊಂಡಿಲಿನಂತೆ ಕರಿಯ ಕೇಬಲೊಂದು ಇಳಿದು ಕಾರಿನ ಪಕ್ಕೆಯನ್ನು ಸೇರಿರುವುದನ್ನೂ ಕಾಣಬಹುದು. ಮಾರುವವರು ಇದನ್ನು ವಾಲ್ ಚಾರ್ಜರ್ ಎನ್ನುತ್ತಾರೆ. ಗೋದಲಿಯೆಂಬ ಮಾತು ನಮ್ಮಲ್ಲಿರುವಾಗ ಅದನ್ನು ಈ ಒಂದು ವಾರದ ಮಟ್ಟಿಗಾದರೂ ಬಳಸುವುದರಲ್ಲಿ ತಪ್ಪೇನೂ ಇಲ್ಲ.

ಈ ಗೋದಲಿಗಳಲ್ಲಿ ತಲೆಮಾರುಗಳುಂಟು. “ಇದು ಹಳೆಯ ತಲೆಮಾರಿನದು ಸಾರ್, ಅದು ಹೊಸ ತಲೆಮಾರಿನದು, ನಾಲ್ಕು ಕಾಸು ಹೆಚ್ಚಾದರೂ ಹೊಸದನ್ನೇ ಹಾಕಿಸಿಬಿಡಿ” ಎಂದು ಅಂಗಡಿಯವನು ಹೇಳಿದೊಡನೆ ಗೃಹಸ್ಥನಿಗೆ ಇಕ್ಕಟ್ಟು ಒದಗುತ್ತದೆ. ವಧೂವರರ ವಿಷಯವಾದರೆ ಮೂರು ತಲೆಮಾರನ್ನು ವಿಚಾರಿಸಿ ತಿಳಿಯುವ ಜಾಣ್ಮೆ ನಮಗಿದೆ. ಯಂತ್ರದ ವಂಶಾವಳಿಯನ್ನು ಹೇಳುವವರು ಯಾರು? ವಿಷಯವು ಸಣ್ಣದೆನ್ನುವಂತಿಲ್ಲ. ಹಣದ ಮಾತು ಹಾಗಿರಲಿ. ಈ ಪೆಟ್ಟಿಗೆಯು ರಾತ್ರಿಯಿಡೀ ಬಿಸಿಯೇರಿ ದುಡಿಯುವ ಗೋಡೆಯ ಆಚೆಗೆ ಮಕ್ಕಳು ಮಲಗಿರುತ್ತಾರೆ. ಆದುದರಿಂದ ಇದರ ವಂಶಾವಳಿಯನ್ನು ಸ್ವಲ್ಪ ಬಿಡಿಸಿ ನೋಡುವುದು ಲೇಸು.

ಮೂಲಪುರುಷನು ನಾವೆಣಿಸುವುದಕ್ಕಿಂತ ಬಹಳ ಹಳಬ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದ 1902ನೆಯ ಇಸವಿಯಲ್ಲಿಯೇ ಅಮೆರಿಕದಲ್ಲಿ ಪೀಟರ್ ಕೂಪರ್ ಹ್ಯೂಯಿಟ್ ಎಂಬಾತನು ಪಾದರಸದ ಆವಿಯ ಮೂಲಕ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ತಿರುಗಿಸುವ ಉಪಾಯವನ್ನು ಕಂಡುಹಿಡಿದನು. ಆ ಕಾಲದ ಅಮೆರಿಕದಲ್ಲಿ ಬೇಕರ್, ಡೆಟ್ರಾಯಿಟ್ ಎಲೆಕ್ಟ್ರಿಕ್ ಮೊದಲಾದ ವಿದ್ಯುತ್ ಕಾರುಗಳು ಸಾಕಷ್ಟು ಓಡುತ್ತಿದ್ದುವು. ಕೈಯಿಂದ ತಿರುಗಿಸಿ ಎಂಜಿನ್ನನ್ನು ಎಬ್ಬಿಸುವ ಕಷ್ಟವಿಲ್ಲದ್ದರಿಂದ ಸಿರಿವಂತರ ಮನೆಯ ಹೆಂಗಸರು ಅವುಗಳನ್ನು ಮೆಚ್ಚಿದ್ದರು. ಪೆಟ್ರೋಲಿನ ಕಾರನ್ನು ಲೋಕಕ್ಕೆಲ್ಲ ಹಂಚಿದ ಹೆನ್ರಿ ಫೋರ್ಡನ ಮಡದಿ ಕ್ಲಾರಾ ಫೋರ್ಡಳು ಸವಾರಿಗೆ ಇಟ್ಟುಕೊಂಡಿದ್ದುದು ವಿದ್ಯುತ್ ಕಾರನ್ನೇ ಎಂಬುದು ಚರಿತ್ರೆಯ ಒಂದು ಸವಿಯಾದ ವಿನೋದ! ಬ್ಯಾಟರಿಗೆ ಬೇಕಾದುದು ನೇರ ವಿದ್ಯುತ್ತು. ಮನೆಗೆ ಬರುತ್ತಿದ್ದುದು ಬಹುಮಟ್ಟಿಗೆ ಪರ್ಯಾಯ ವಿದ್ಯುತ್ತು. ಹೀಗಾಗಿ ಗಾಡಿಯ ಮನೆಯಲ್ಲಿ ಹಲಗೆಯೊಂದನ್ನು ನಿಲ್ಲಿಸಿ, ಅದಕ್ಕೆ ದೊಡ್ಡ ಗಾಜಿನ ಬುರುಡೆಯನ್ನು ಕೂರಿಸುತ್ತಿದ್ದರು. ಒಳಗೆ ಪಾದರಸದ ಆವಿಯು ನೀಲಿ ನೇರಿಳೆಯ ಬೆಳಕಿನಲ್ಲಿ ನರ್ತಿಸುತ್ತಿತ್ತು. ನೋಡಲು ಮನೋಹರ, ಮುಟ್ಟಲು ಭಯಂಕರ. ಎಷ್ಟು ಹೊತ್ತು ಊಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೆಲ್ಲ ಮೀಟರನ್ನು ನೋಡುತ್ತ ಮನುಷ್ಯನೇ ನಿರ್ಧರಿಸಬೇಕಾಗಿತ್ತು. ಇಲ್ಲಿ ಒಂದು ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಆಗ ನಿಜವಾದ ಚಾರ್ಜರು ಇದ್ದುದು ಮನೆಯಲ್ಲಿ, ಕಾರಿನಲ್ಲಿದ್ದುದು ಬರಿಯ ಬ್ಯಾಟರಿ.

ಪೆಟ್ರೋಲು ಗೆದ್ದಿತು, ಆ ವಂಶ ಅಳಿಯಿತು. ಮತ್ತೆ ಚಿಗುರಿದುದು 1996ರಲ್ಲಿ, ಜನರಲ್ ಮೋಟರ್ಸ್ ಸಂಸ್ಥೆಯವರು ಇವಿ-1 ಎಂಬ ಕಾರನ್ನು ಅಮೆರಿಕದಲ್ಲಿ ಬಾಡಿಗೆಯ ಕರಾರಿನ ಮೇಲೆ ಕೊಡತೊಡಗಿದಾಗ. ಅದರ ಗೋದಲಿಯ ಹೆಸರು ಮ್ಯಾಗ್ನೆ ಚಾರ್ಜ್. ಕೇಬಲಿನ ತುದಿಯಲ್ಲಿ ದಪ್ಪನೆಯ ಸಟ್ಟುಗದಂಥ ವಸ್ತುವೊಂದಿರುತ್ತಿತ್ತು. ಅದನ್ನು ಕಾರಿನ ಮೂತಿಯಲ್ಲಿದ್ದ ಸೀಳಿನೊಳಗೆ ತೂರಿಸಿದರೆ ಸಾಕು. ಲೋಹಕ್ಕೆ ಲೋಹ ತಗಲದೆ, ಬರಿಯ ಕಾಂತಪ್ರಭಾವದಿಂದ, 6.6 ಕಿಲೋವಾಟಿನವರೆಗೆ ಶಕ್ತಿಯು ಒಳಹೊಗುತ್ತಿತ್ತು. ಮಳೆಯಲ್ಲಿ ನೆನೆದರೂ ಅಪಾಯವಿಲ್ಲದ ಸೊಗಸಾದ ಕಲ್ಪನೆ. ಆದರೆ ಬೇರೆ ಹಲವರು ನೇರವಾಗಿ ಲೋಹದ ಕಡ್ಡಿಗಳನ್ನು ಸೇರಿಸುವ ಪದ್ಧತಿಯನ್ನು ಹಿಡಿದಿದ್ದರು. 2001ರಲ್ಲಿ ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿಯು ಈ ಎರಡನೆಯ ಪಕ್ಷಕ್ಕೆ ತೀರ್ಪು ಕೊಟ್ಟಿತು. ಅತ್ತ ಇವಿ-1 ಕಾರುಗಳನ್ನು ಸಂಸ್ಥೆಯೇ ಹಿಂದಕ್ಕೆ ಪಡೆದು, ಬಹುಪಾಲನ್ನು ಜಜ್ಜಿಹಾಕಿತು. ಹಸುವು ಹೋದ ಕೊಟ್ಟಿಗೆಯ ಗೋದಲಿಯಂತೆ ಆ ಸಟ್ಟುಗಗಳು ಗೋಡೆಗಳ ಮೇಲೆ ಅನಾಥವಾಗಿ ಉಳಿದುವು. ಒಂದೇ ಕುಲದ ಕಾರಿಗೆ ಒಗ್ಗುವ ಪೆಟ್ಟಿಗೆಯನ್ನು ಕೊಳ್ಳುವವರು ಮರೆಯಬಾರದ ಪಾಠವಿದು.

ಮೂರನೆಯ ತಲೆಮಾರಿನಿಂದಲೇ ಇಂದಿನ ಮನೆಗಳ ಕಥೆ ಮೊದಲಾಗುತ್ತದೆ. 2010ರ ಜನವರಿಯಲ್ಲಿ ಅಮೆರಿಕದ ಮೋಟಾರು ಎಂಜಿನಿಯರರ ಸಂಘವು ಐದು ಕಡ್ಡಿಗಳ ಒಂದು ಪ್ಲಗ್ಗನ್ನು ಅಂಗೀಕರಿಸಿತು. ಅದೇ ವರ್ಷದ ಕೊನೆಗೆ ನಿಸಾನ್ ಲೀಫ್ ಕಾರು ಅದನ್ನು ಧರಿಸಿಕೊಂಡು ಬಂದಿತು. ಯೂರೋಪಿನವರು ಏಳು ಕಡ್ಡಿಗಳ ಟೈಪ್-2 ಎಂಬುದನ್ನು ಆರಿಸಿಕೊಂಡು 2014ರಲ್ಲಿ ಕಾನೂನಿನ ಮೂಲಕ ಸ್ಥಿರಪಡಿಸಿದರು. ನಮ್ಮ ದೇಶದ ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಪ್ಲಗ್ಗಿನ ಆಕಾರಕ್ಕಿಂತ ಮುಖ್ಯವಾದುದು ಅದರಲ್ಲಿ ನಡೆಯುವ ಸಂಭಾಷಣೆ. ನನ್ನ ವಿದ್ಯೆ ಹಳಗನ್ನಡದ್ದು. ಆದುದರಿಂದ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ವಿಚಾರಿಸಿದೆ.

“ಸ್ವಾಮಿ, ನೀವು ಅದನ್ನು ಗೋದಲಿ ಅಂತೀರಿ, ಸರಿ. ಆದರೆ ಅಲ್ಲಿ ಅಡಿಗೆ ನಡೆಯೋದಿಲ್ಲ. ಅಡಿಗೆ ನಡೆಯೋದು ಕಾರಿನ ಹೊಟ್ಟೆಯೊಳಗೆ” ಎಂದರು.

“ಹಾಗಾದರೆ ಗೋಡೆಯ ಮೇಲಿರುವುದು ಏನು?”

“ಬಾಗಿಲು ಕಾಯುವವನು. ಕಾರು ನಿಜವಾಗಿ ಬಂದು ನಿಂತಿದೆಯೇ, ಪ್ಲಗ್ಗು ಸರಿಯಾಗಿ ಕೂತಿದೆಯೇ, ಭೂಸಂಪರ್ಕ ಸರಿಯಾಗಿದೆಯೇ ಅಂತ ನೋಡಿ, ಆಮೇಲೆ ಬಾಗಿಲು ತೆಗೀತಾನೆ. ಏನಾದರೂ ಎಡವಟ್ಟಾದರೆ ತಟ್ಟನೆ ಮುಚ್ಚುತಾನೆ.”

ಅವರು ವಿವರಿಸಿದುದು ಹೀಗೆ. ಪೆಟ್ಟಿಗೆಯು ಸಣ್ಣದೊಂದು ತಂತಿಯಲ್ಲಿ 12 ವೋಲ್ಟಿನ ಸಂಜ್ಞೆಯನ್ನು ಕಳುಹುತ್ತದೆ. ಕಾರು ಸೇರಿಕೊಂಡೊಡನೆ ಆ ಸಂಜ್ಞೆಯನ್ನು 9 ವೋಲ್ಟಿಗೆ ಇಳಿಸುತ್ತದೆ, ಅದರ ಅರ್ಥ, “ಬಂದಿದ್ದೇನೆ.” ಆಗ ಪೆಟ್ಟಿಗೆಯು ಸೆಕೆಂಡಿಗೆ ಸಾವಿರ ಸಾರಿ ಏರಿಳಿಯುವ ಮಿಡಿತವನ್ನು ಆರಂಭಿಸುತ್ತದೆ. ಮಿಡಿತದ ಏರು ಎಷ್ಟು ಹೊತ್ತು ನಿಲ್ಲುವುದೆಂಬುದರಿಂದ, “ಈ ಮನೆಯಲ್ಲಿ ಇಷ್ಟು ಆಂಪಿಯರ್ ದೊರೆಯುತ್ತದೆ, ಅದಕ್ಕಿಂತ ಹೆಚ್ಚು ಕೇಳಬೇಡ” ಎಂದು ತಿಳಿಸುತ್ತದೆ. ಅರ್ಧ ಕಾಲ ಏರಿದ್ದರೆ 30 ಆಂಪಿಯರ್, ಹತ್ತರಲ್ಲೊಂದು ಪಾಲು ಏರಿದ್ದರೆ 6 ಆಂಪಿಯರ್. ಕಾರು ಒಪ್ಪಿ ಸಂಜ್ಞೆಯನ್ನು 6 ವೋಲ್ಟಿಗೆ ತಂದ ಮೇಲೆಯೇ ಬಾಗಿಲು ತೆರೆಯುತ್ತದೆ. ಯಾರೂ ಕೈಹಿಡಿದಿರದ ಪ್ಲಗ್ಗಿನಲ್ಲಿ ವಿದ್ಯುತ್ತೇ ಇರುವುದಿಲ್ಲ. ಅತಿಥಿಯು ಮನೆಯ ಶಕ್ತಿಯನ್ನರಿತು ಊಟ ಮಾಡುವ ಈ ಸೌಜನ್ಯವನ್ನು ಮನುಷ್ಯರೂ ಕಲಿಯಬಹುದು.

ಇಷ್ಟು ತಿಳಿದರೆ ಅಂಗಡಿಯವನ ಮಾತಿನ ಅರ್ಧ ಮಾಯೆ ಹರಿಯುತ್ತದೆ. ಕಾರಿನ ಒಡಲಿನ ಚಾರ್ಜರು 3.3 ಕಿಲೋವಾಟಿನದಾಗಿದ್ದರೆ, ಗೋಡೆಯ ಮೇಲೆ ನೀವು 22 ಕಿಲೋವಾಟಿನ ಪೆಟ್ಟಿಗೆಯನ್ನು ತೂಗುಹಾಕಿದರೂ ಒಳಹೋಗುವುದು 3.3 ಮಾತ್ರ. ಬಾಗಿಲನ್ನು ಅಗಲ ಮಾಡಿಸಿದ ಮಾತ್ರಕ್ಕೆ ಅತಿಥಿಯ ಹೊಟ್ಟೆ ದೊಡ್ಡದಾಗುವುದಿಲ್ಲ.

ಇದಕ್ಕೆ ಸ್ಪಷ್ಟವಾದ ನಿದರ್ಶನ ಅಮೆರಿಕದ ಟೆಸ್ಲಾ ಸಂಸ್ಥೆಯ ಗೋದಲಿಗಳಲ್ಲಿದೆ. 2012ರ ಮಾಡೆಲ್ ಎಸ್ ಕಾರಿನ ಜೊತೆಗೆ ಬಂದ ಮೊದಲನೆಯದೂ, 2016ರ ಎರಡನೆಯದೂ 80 ಆಂಪಿಯರಿನಷ್ಟು ಪ್ರವಾಹವನ್ನು ಕೊಡಬಲ್ಲವಾಗಿದ್ದುವು. ಎಂದರೆ 240 ವೋಲ್ಟಿನಲ್ಲಿ 19 ಕಿಲೋವಾಟಿಗೂ ಮಿಕ್ಕು. 2020ರಲ್ಲಿ ಮೂರನೆಯ ತಲೆಮಾರು ಬಂದಾಗ ಅದು 48 ಆಂಪಿಯರಿಗೆ, ಎಂದರೆ 11.5 ಕಿಲೋವಾಟಿಗೆ ಇಳಿದಿತ್ತು! ಮೊಮ್ಮಗನು ತಾತನಿಗಿಂತ ದುರ್ಬಲ. ಆದರೂ ಇದು ಅವನತಿಯಲ್ಲ. ಆ ಹೊತ್ತಿನ ಕಾರುಗಳ ಒಡಲಿನ ಚಾರ್ಜರೇ 48 ಆಂಪಿಯರನ್ನು ಮೀರಿ ಸ್ವೀಕರಿಸುತ್ತಿರಲಿಲ್ಲ. ಗಂಟೆಗಟ್ಟಲೆ ಹರಿಯುವ ಪ್ರವಾಹಕ್ಕೆ ತಂತಿಯ ತಾಳಿಕೆಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಬಳಸಬೇಕೆಂಬುದು ಅಮೆರಿಕದ ನಿಯಮ. 80ಕ್ಕೆ 100 ಆಂಪಿಯರಿನ ದಪ್ಪ ತಂತಿ ಬೇಕು, 48ಕ್ಕೆ 60ರದು ಸಾಕು. ಬಳಕೆಗೆ ಬಾರದ ಬಲವನ್ನು ಕಳೆದು, ತಾಮ್ರದ ಖರ್ಚನ್ನು ಇಳಿಸಿ, ಅದರ ಬದಲಿಗೆ ಬುದ್ಧಿಯನ್ನು ತುಂಬಿದರು. ಎರಡನೆಯದರಲ್ಲಿ ಮುಚ್ಚಳವನ್ನು ಬಿಚ್ಚಿ ಒಳಗಿನ ಪುಟ್ಟ ಸ್ವಿಚ್ಚುಗಳನ್ನು ತಿರುವಿ ಆಂಪಿಯರನ್ನು ಗೊತ್ತುಮಾಡಬೇಕಾಗಿತ್ತು. ಮೂರನೆಯದನ್ನು ವೈಫೈ ಮೂಲಕ ಮೊಬೈಲ್ ಫೋನಿನಿಂದಲೇ ಸಿದ್ಧಪಡಿಸಬಹುದು. ಒಂದೇ ಮನೆಯ ಹಲವು ಪೆಟ್ಟಿಗೆಗಳು ಇದ್ದಷ್ಟು ವಿದ್ಯುತ್ತನ್ನು ಹಂಚಿಕೊಳ್ಳುವುದಕ್ಕೆ ಎರಡನೆಯದಕ್ಕೆ ನಡುವೆ ತಂತಿ ಬೇಕಾಗಿತ್ತು. ಮೂರನೆಯದಕ್ಕೆ ಗಾಳಿಯೇ ಸಾಕು. ಒಂದು ಕೊರತೆ ಮಾತ್ರ ಉಳಿಯಿತು: ಹಳೆಯದೂ ಹೊಸದೂ ಒಂದಕ್ಕೊಂದು ಮಾತನಾಡವು. ಹಳೆಯದೊಂದಿದ್ದ ಮನೆಗೆ ಹೊಸದನ್ನು ತಂದವರಿಗೆ ಒಂದೇ ಪಂಕ್ತಿಯ ಊಟದ ಸೌಕರ್ಯ ದೊರೆಯಲಿಲ್ಲ.

ಗೋಡೆಗೂ ಕಿವಿಯುಂಟು ಎಂಬ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ವೈಫೈ ಬಂದ ಮೇಲೆ ಗಾದೆ ನಿಜವೇ ಆಗಿದೆ; ಕಿವಿಯ ಜೊತೆಗೆ ನಾಲಗೆಯೂ ಬಂದಿದೆ. ಇದರಿಂದ ಒಳಿತೂ ಉಂಟು, ಕೆಡುಕೂ ಉಂಟು. ಒಳಿತಿಗೆ ಬ್ರಿಟನ್ನಿನ ಉದಾಹರಣೆಯನ್ನು ನೋಡಬಹುದು. ಸಂಜೆ ಆರು ಗಂಟೆಗೆ ಊರಿನವರೆಲ್ಲ ಮನೆಗೆ ಬಂದು, ದೀಪ ಹಚ್ಚಿ, ಒಲೆ ಹೊತ್ತಿಸಿ, ಕಾರನ್ನೂ ಗೋದಲಿಗೆ ಕಟ್ಟಿದರೆ ವಿದ್ಯುತ್ ಜಾಲದ ಗತಿಯೇನು? ಅಲ್ಲಿ 2022ರ ಜೂನ್ 30ರಿಂದ ಮಾರಾಟವಾಗುವ ಮನೆಯ ಚಾರ್ಜರುಗಳು ತಾವಾಗಿಯೇ ದಟ್ಟಣೆಯ ಹೊತ್ತನ್ನು ತಪ್ಪಿಸುವಂತೆ ಮೊದಲೇ ಅಣಿಯಾಗಿರಬೇಕೆಂದು ವಿಧಿಸಿದರು. ಬೇಡವೆಂದರೆ ಮನೆಯವರು ಅದನ್ನು ಬದಲಾಯಿಸಿಕೊಳ್ಳಬಹುದು. ಇನ್ನೊಂದು ಜಾಣತನವನ್ನೂ ಸೇರಿಸಿದರು. ಅಗ್ಗದ ದರದ ಹೊತ್ತು ಆರಂಭವಾದ ಕ್ಷಣದಲ್ಲಿಯೇ ಲಕ್ಷಾಂತರ ಪೆಟ್ಟಿಗೆಗಳು ಒಮ್ಮೆಗೇ ಬಾಯಿ ತೆರೆದರೆ ಜಾಲಕ್ಕೆ ಆಘಾತವಾಗುತ್ತದೆಂದು, ಪ್ರತಿಯೊಂದೂ ಹತ್ತು ನಿಮಿಷದೊಳಗಿನ ಯಾವುದಾದರೂ ಬೇರೆ ಬೇರೆ ಗಳಿಗೆಯಲ್ಲಿ ಶುರುವಾಗುವಂತೆ ಗೊತ್ತುಮಾಡಿದರು. ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುವ ತಾಳ್ಮೆಯನ್ನು ಯಂತ್ರಕ್ಕೆ ಕಲಿಸಿದಂತಾಯಿತು.

ಕೆಡುಕು ಯಾವುದೆಂದರೆ, ಬುದ್ಧಿಯು ಪೆಟ್ಟಿಗೆಯಲ್ಲಿರದೆ ದೂರದ ಕಂಪೆನಿಯ ಗಣಕಯಂತ್ರದಲ್ಲಿ ಇದ್ದರೆ, ಕಂಪೆನಿ ಹೋದ ದಿನ ಬುದ್ಧಿಯೂ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಎನೆಲ್ ಎಕ್ಸ್ ವೇ ಎಂಬ ಸಂಸ್ಥೆಯು ಉತ್ತರ ಅಮೆರಿಕದ ತನ್ನ ವ್ಯವಹಾರವನ್ನು ಮುಚ್ಚಿದಾಗ, ಅಲ್ಲಿನ ಮನೆಗಳ ಜ್ಯೂಸ್‌ಬಾಕ್ಸ್ ಎಂಬ ಪೆಟ್ಟಿಗೆಗಳಿಗೆ ಅದರ ಮೊಬೈಲ್ ಸೌಕರ್ಯದ ಆಸರೆ ತಪ್ಪಿತು. ಪುಣ್ಯಕ್ಕೆ ಆ ಪೆಟ್ಟಿಗೆಗಳು ಕಾರಿಗೆ ವಿದ್ಯುತ್ ಕೊಡುವ ಮೂಲ ಕೆಲಸವನ್ನು ಮಾಡಬಲ್ಲವಾಗಿದ್ದುವು. ಬ್ರಿಟನ್ನಿನ ನಿಯಮದಲ್ಲಿಯೂ ಇದಕ್ಕೆ ಜಾಗ್ರತೆ ವಹಿಸಿದ್ದಾರೆ: ಜಾಲದ ಸಂಪರ್ಕ ಕಡಿದರೂ ಚಾರ್ಜರು ತನ್ನ ಕೆಲಸವನ್ನು ಬಿಡಕೂಡದು. ಹೊಸ ತಲೆಮಾರಿನ ಪೆಟ್ಟಿಗೆಯನ್ನು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದೇ: “ನಿಮ್ಮ ಕಂಪೆನಿ ನಾಳೆ ಇಲ್ಲವಾದರೆ ಇದು ನನ್ನ ಕಾರಿಗೆ ಊಡುತ್ತದೆಯೋ ಇಲ್ಲವೋ?”

ಈಗ ನಮ್ಮೂರಿನ ಕಡೆಗೆ ಬರೋಣ. ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. 2001ರಲ್ಲಿಯೇ ಇಲ್ಲಿನ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು ಬೀದಿಗಿಳಿದಿತ್ತು. ಮುಂದೆ ಅದು ಲಂಡನ್ನಿನಲ್ಲಿ ಜಿ-ವಿಜ಼್ ಎಂಬ ಹೆಸರಿನಿಂದ ಓಡಾಡಿತು. ಸೀಸ ಮತ್ತು ಆಮ್ಲದ ಬ್ಯಾಟರಿ. ಒಂದು ಹೊಟ್ಟೆಯೂಟಕ್ಕೆ ಸುಮಾರು 80 ಕಿಲೋಮೀಟರಿನ ಓಟ. ಅದಕ್ಕೆ ಗೋದಲಿಯೇ ಇರಲಿಲ್ಲ! ಬಚ್ಚಲುಮನೆಯ ಗೀಸರಿಗೆ ಹಾಕುವಂಥ 15 ಆಂಪಿಯರಿನ ಸಾಕೆಟ್ಟಿಗೆ ಚುಚ್ಚಿ ರಾತ್ರಿ ಎಂಟು ಗಂಟೆಯ ಕಾಲ ಬಿಟ್ಟರೆ ಮುಗಿಯಿತು. ನಮ್ಮಲ್ಲಿ ಇದನ್ನೇ ಮೊದಲನೆಯ ತಲೆಮಾರೆನ್ನಬೇಕು. 2020ರ ನೆಕ್ಸಾನ್ ಕಾರೂ 3.3 ಕಿಲೋವಾಟಿನ ಈ ಹಾದಿಯನ್ನೇ ಹಿಡಿದಿತ್ತು. 2019ರ ಕೋನಾ, 2020ರ ಜ಼ೆಡ್‌ಎಸ್ ಮೊದಲಾದುವುಗಳ ಜೊತೆಗೆ ಏಳು ಕಿಲೋವಾಟಿಗೆ ಮಿಕ್ಕ ಗೋಡೆಯ ಪೆಟ್ಟಿಗೆಗಳು ಮಧ್ಯಮವರ್ಗದ ಮನೆಗಳನ್ನು ಹೊಕ್ಕುವು. 2022ರ ನೆಕ್ಸಾನ್ ಮ್ಯಾಕ್ಸಿನಲ್ಲಿ 7.2 ಕಿಲೋವಾಟಿನದನ್ನು ಆರಿಸಿಕೊಳ್ಳುವ ಅವಕಾಶ ಬಂದಿತು. ಮೂರು ಫೇಸಿನ ಸಂಪರ್ಕವುಳ್ಳವರಿಗೆ 11, 22 ಕಿಲೋವಾಟಿನವೂ ಉಂಟು.

ಲೆಕ್ಕವನ್ನು ಮಾಡಿಯೇ ನೋಡೋಣ. 40 ಯೂನಿಟ್ ಹಿಡಿಯುವ ಬ್ಯಾಟರಿಯು ಪೂರ್ತಿ ಬರಿದಾಗಿದ್ದರೆ 3.3 ಕಿಲೋವಾಟಿನಲ್ಲಿ ತುಂಬಲು ಹನ್ನೆರಡು ಗಂಟೆಗೆ ಮಿಕ್ಕು ಬೇಕು, 7.2ರಲ್ಲಿ ಆರು ಗಂಟೆಯ ಸುಮಾರು. ವ್ಯತ್ಯಾಸ ದೊಡ್ಡದೇ. ಆದರೆ ಪ್ರತಿ ರಾತ್ರಿಯೂ ಬರಿ ಹೊಟ್ಟೆಯಲ್ಲಿ ಮನೆಗೆ ಬರುವ ಕಾರು ಯಾರದು? ಮಲ್ಲೇಶ್ವರದಿಂದ ಕಚೇರಿಗೆ ಹೋಗಿ, ಮಗಳನ್ನು ಸಂಗೀತದ ಪಾಠಕ್ಕೆ ಬಿಟ್ಟು, ತರಕಾರಿ ತಂದು ಹಿಂದಿರುಗಿದರೆ ದಿನಕ್ಕೆ 40 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದುದು ಸುಮಾರು ಆರು ಯೂನಿಟ್. ಹಳೆಯ ತಲೆಮಾರಿನ 3.3 ಕಿಲೋವಾಟಿನಲ್ಲಿಯೇ ಎರಡು ಗಂಟೆಯೊಳಗೆ ಮುಗಿಯುವ ಕೆಲಸ. ರಾತ್ರಿಯ ಊಟವಾಗಿ ಬೆಳಗಿನ ಕಾಫಿಯ ಹೊತ್ತಿಗೆ ಎಂಟು ಗಂಟೆಯ ಬಿಡುವಿರುವಾಗ, ಎರಡು ಗಂಟೆಯ ಕೆಲಸವನ್ನು ಒಂದು ಗಂಟೆಗಿಳಿಸಲು ಹಣವನ್ನು ಸುರಿಯಬೇಕೆ? ದೂರದ ಪ್ರಯಾಣ ಹೆಚ್ಚಿರುವವರಿಗೆ, ಇಬ್ಬರು ಮೂವರು ಒಂದೇ ಕಾರನ್ನು ಸರದಿಯಿಂದ ಓಡಿಸುವವರಿಗೆ ಬೇಕು, ಉಳಿದವರು ಆಲೋಚಿಸಲಿ.

ಹಾಗೆಂದು ಹಳೆಯ ಸಾಕೆಟ್ಟೇ ಸಾಕೆಂದು ಹೇಳುವುದೂ ಸರಿಯಲ್ಲ. ವೇಗಕ್ಕಲ್ಲ, ಕ್ಷೇಮಕ್ಕಾಗಿ. ಗೀಸರು ಅರ್ಧ ಗಂಟೆ ದುಡಿದು ವಿಶ್ರಮಿಸುತ್ತದೆ. ಕಾರು ಅದಕ್ಕಿಂತ ಹೆಚ್ಚಿನ ಪ್ರವಾಹವನ್ನು ಗಂಟೆಗಟ್ಟಲೆ ಎಳೆಯುತ್ತದೆ. ತಂದೆಯವರ ಕಾಲದಲ್ಲಿ ಎಳೆದ ತಂತಿ, ಸಡಿಲವಾದ ಸಾಕೆಟ್ಟು, ಒಣಗಿಹೋದ ಭೂಸಂಪರ್ಕದ ಗುಂಡಿ—ಇವು ಆ ಹೊರೆಯನ್ನು ತಾಳದೆ ಕಾಯುತ್ತವೆ, ಕರಗುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಸೋರಿಕೆಯನ್ನು ಕಂಡೊಡನೆ ಸಂಪರ್ಕವನ್ನು ಕಡಿಯುವ ಆರ್‌ಸಿಸಿಬಿ ಎಂಬ ಸಾಧನವು ಬಹಳ ಮನೆಗಳಲ್ಲಿದೆ. ಆದರೆ ಕಾರಿನೊಳಗೆ ದೋಷವುಂಟಾಗಿ ನೇರ ವಿದ್ಯುತ್ತು ಸೋರಿದರೆ, ಆ ಸಾಧನದ ಸಾಮಾನ್ಯ ಜಾತಿಯು ಕಣ್ಣಿದ್ದೂ ಕುರುಡಾಗುತ್ತದೆ. ಆಗ ಬಚ್ಚಲಿನಲ್ಲಿ ಷಾಕ್ ಹೊಡೆದರೂ ಅದು ಕಡಿಯದೆ ಹೋಗಬಹುದು. ಹೊಸ ತಲೆಮಾರಿನ ಒಳ್ಳೆಯ ಪೆಟ್ಟಿಗೆಗಳಲ್ಲಿ 6 ಮಿಲಿಆಂಪಿಯರಿನಷ್ಟು ನೇರ ಸೋರಿಕೆಯನ್ನೂ ಗುರುತಿಸುವ ಏರ್ಪಾಡಿದೆ. ಹೊಸದರಲ್ಲಿ ನಿಜವಾಗಿ ಹಣ ಕೊಡಲು ಯೋಗ್ಯವಾದ ಗುಣವೆಂದರೆ ಇದು. ಬಣ್ಣದ ದೀಪ, ಗಾಜಿನ ಮುಖ, ಮೊಬೈಲಿನಲ್ಲಿ ಮೂಡುವ ಚಿತ್ರ ಇವೆಲ್ಲ ಅನಂತರದ ಮಾತು.

ಮನೆಯ ಮಂಜೂರಾದ ಹೊರೆಯನ್ನೂ ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ವಿದ್ಯುತ್ ಮೀಟರಿಗೂ ಸಲ್ಲುತ್ತದೆ. ಮೂರೋ ಐದೋ ಕಿಲೋವಾಟಿನ ಮಂಜೂರಾತಿಯಿರುವ ಮನೆಯಲ್ಲಿ 7.2ರ ಪೆಟ್ಟಿಗೆಯನ್ನು ಹಾಕಿಸುವವರು ಮೊದಲು ಹೊರೆಯನ್ನು ಹೆಚ್ಚಿಸಿಕೊಳ್ಳಬೇಕು. ಇಲ್ಲವೇ ಮನೆಯ ಒಟ್ಟು ಬಳಕೆಯನ್ನು ಅಳೆದು ಕಾರಿನ ಪಾಲನ್ನು ತಾನೇ ಇಳಿಸಿಕೊಳ್ಳುವ ಹೊಸ ಬಗೆಯ ಪೆಟ್ಟಿಗೆಯನ್ನು ಆರಿಸಬೇಕು. ಗೀಸರು ಹೊತ್ತಿದಾಗ ಕಾರು ಮಿತವಾಗಿ ಉಂಡು, ಗೀಸರು ಆರಿದಾಗ ಮತ್ತೆ ಚೆನ್ನಾಗಿ ಉಣ್ಣುತ್ತದೆ.

ಅಪಾರ್ಟ್‌ಮೆಂಟಿನವರ ಕಷ್ಟವೇ ಬೇರೆ. ಅಲ್ಲಿ ಗೋಡೆ ಎಲ್ಲರದು, ತಂತಿ ಎಲ್ಲರದು, ಮುನಿಸು ಮಾತ್ರ ಒಬ್ಬೊಬ್ಬರದು. ಒಬ್ಬರ ಕಾರಿನ ಮೇವಿನ ಖರ್ಚು ಎಲ್ಲರ ಮೀಟರಿನಲ್ಲಿ ಸೇರಿತೆಂಬ ಅನುಮಾನವೊಂದೇ ಸಾಕು, ಇಪ್ಪತ್ತು ವರ್ಷದ ನೆರೆಹೊರೆ ಮುರಿದು ಬೀಳಲು. 2024ರಲ್ಲಿ ಕೇಂದ್ರ ಸರಕಾರವು ವಿದ್ಯುತ್ ಬಳಕೆದಾರರ ಹಕ್ಕುಗಳ ನಿಯಮವನ್ನು ತಿದ್ದಿ, ವಾಹನದ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕವನ್ನು ಕೇಳಿ ಪಡೆಯಲು ಅವಕಾಶ ಕೊಟ್ಟಿದೆ. ಪ್ರತ್ಯೇಕ ಮೀಟರು ಇದ್ದಲ್ಲಿ ಪ್ರತ್ಯೇಕ ಲೆಕ್ಕ. ಲೆಕ್ಕ ಸರಿಯಿದ್ದಲ್ಲಿ ಸ್ನೇಹ ಸರಿ. ಸಂಘದ ಸಭೆಯಲ್ಲಿ ಗಂಟಲು ಹರಿದುಕೊಳ್ಳುವ ಮೊದಲು ಈ ಮಾರ್ಗವನ್ನು ಹಿಡಿಯುವುದು ವಿವೇಕ.

ಒಟ್ಟಿನಲ್ಲಿ ತಲೆಮಾರುಗಳನ್ನು ತೂಗಿ ನೋಡಿದರೆ, ಪೆಟ್ಟಿಗೆಗಳು ಬರುತ್ತವೆ, ಹೋಗುತ್ತವೆ. ಪಾದರಸದ ಬುರುಡೆ ಹೋಯಿತು, ಸಟ್ಟುಗ ಹೋಯಿತು. ಇಂದು ಹೊಸದೆಂದು ಮೆರೆಯುವುದೂ ಹತ್ತು ವರ್ಷದಲ್ಲಿ ಹಳತಾಗುತ್ತದೆ. ಉಳಿಯುವುದು ಗೋಡೆಯೊಳಗಿನ ತಂತಿ, ನೆಲದೊಳಗಿನ ಭೂಸಂಪರ್ಕ. ಕಣ್ಣಿಗೆ ಕಾಣದ ಇವೆರಡಕ್ಕೆ ಕೈ ಬಿಚ್ಚಿ ಖರ್ಚು ಮಾಡಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಂದ ಹಾಕಿಸಿ. ಕಣ್ಣಿಗೆ ಕಾಣುವ ಪೆಟ್ಟಿಗೆಯನ್ನು ನಿಮ್ಮ ಕಾರಿನ ಹೊಟ್ಟೆಯನ್ನೂ ನಿಮ್ಮ ಓಡಾಟವನ್ನೂ ನೋಡಿ ಆರಿಸಿಕೊಳ್ಳಿ. ಅಂಗಡಿಯವನು ಮತ್ತೆ “ಹೊಸ ತಲೆಮಾರು ಸಾರ್” ಎಂದರೆ, ನಗುತ್ತ ಒಂದು ಮಾತು ಕೇಳಿ: “ಅದು ಸರಿಯಪ್ಪ, ಸೋರಿಕೆ ಕಂಡರೆ ಕಡಿಯುತ್ತದೆಯೇ?” ಉತ್ತರವನ್ನು ಕೇಳಿದ ಮೇಲೆ ಕೊಳ್ಳಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.